ಮೂರು ವೆಬ್‌ಸೈಟ್, ಅದೇ ಪ್ಯಾಂಟು

ಬಳ್ಳಾರಿಯ ಕೌಲ್ ಬಜಾರಿನಲ್ಲಿ ನಮ್ಮದೊಂದು ಹದಿನಾಲ್ಕು ಮಷೀನಿನ ಜೀನ್ಸ್ ಯೂನಿಟ್ ಇದೆ. ಅಪ್ಪ ಕಟಿಂಗ್ ಟೇಬಲ್ ಬಿಟ್ಟು ಕದಲುವವರಲ್ಲ. ಬಿಲ್ಲು, ಜಿಎಸ್‌ಟಿ, ಫೋನು, ವಾಟ್ಸಾಪ್ ನನ್ನ ಪಾಲಿನ ಕೆಲಸ. ಹೀಗಾಗಿ ವೆಬ್‌ಸೈಟೂ ನನ್ನ ತಲೆಗೇ ಬಂತು. ಐದು ವರ್ಷದಲ್ಲಿ ಮೂರು ಸಲ ಕಟ್ಟಿಸಿದೆವು. ಮೂರರಲ್ಲೂ ಮಾರಿದ್ದು ಅದೇ ಪ್ಯಾಂಟು, ಅದೇ ವಿಳಾಸ, ಅದೇ ನಂಬರು. ಗೂಗಲ್‌ನಲ್ಲಿ ಹುಡುಕಿ ಬಂದ ಗಿರಾಕಿಗಳ ಲೆಕ್ಕ ಮಾತ್ರ ಮೂರು ಥರ.

ಲೆಕ್ಕ ಇಟ್ಟಿದ್ದು ಹೇಗೆ ಅಂದರೆ, ಆರ್ಡರ್ ಪುಸ್ತಕದಲ್ಲಿ ಒಂದು ಕಾಲಂ ಜಾಸ್ತಿ ಎಳೆದೆ. ಹೊಸ ನಂಬರಿನಿಂದ ಯಾರೇ ಫೋನ್ ಮಾಡಿದರೂ "ನಮ್ಮ ನಂಬರ್ ಎಲ್ಲಿ ಸಿಕ್ತು ಸರ್?" ಅಂತ ಕೇಳಿ ಬರೆದುಕೊಳ್ಳುತ್ತಿದ್ದೆ. ಜೊತೆಗೆ ಗೂಗಲ್ ಸರ್ಚ್ ಕನ್ಸೋಲ್ ನೋಡುತ್ತಿದ್ದೆ. ಅದು ಪುಕ್ಕಟೆ. ಜನ ಏನು ಟೈಪ್ ಮಾಡಿದಾಗ ನಮ್ಮ ಸೈಟ್ ಕಾಣಿಸಿತು, ಎಷ್ಟು ಜನ ಒತ್ತಿದರು ಅಂತ ತೋರಿಸುತ್ತದೆ. ಇನ್ನೊಂದು ಪರೀಕ್ಷೆ ನನ್ನದೇ. ಅಪ್ಪನ ಹಳೇ ಫೋನ್ ಹಿಡಿದು, ಬಟ್ಟೆ ಥಾನುಗಳ ಮಧ್ಯೆ ಸ್ಟೋರ್ ರೂಮಿನಲ್ಲಿ ನಿಂತು ಸೈಟ್ ತೆರೆಯುವುದು. ಅಲ್ಲಿ ಸಿಗ್ನಲ್ ಎರಡು ಕಡ್ಡಿ ದಾಟುವುದಿಲ್ಲ. ನಮ್ಮ ಗಿರಾಕಿಗಳೂ ಹೆಚ್ಚು ಕಮ್ಮಿ ಅಂಥ ಗೋಡೌನುಗಳಲ್ಲೇ ನಿಂತಿರುತ್ತಾರೆ.

ಮೊದಲನೆಯದು ರೆಡಿಮೇಡ್ ಸೈಟ್. ತಿಂಗಳಿಗೆ ಇಷ್ಟು ಅಂತ ದುಡ್ಡು ಕಟ್ಟಿ, ಒಂದು ಡಿಸೈನ್ ಆರಿಸಿ, ಚಿತ್ರಗಳನ್ನು ಎಳೆದು ಕೂರಿಸಿದರೆ ಆಯಿತು. ಭಾನುವಾರ ಮಧ್ಯಾಹ್ನ ಕೂತವಳು ರಾತ್ರಿ ಊಟದ ಹೊತ್ತಿಗೆ ಮುಗಿಸಿದ್ದೆ. ನೋಡಲು ಚೆನ್ನಾಗಿಯೇ ಇತ್ತು. ಅದು ಸೋತಿದ್ದರಲ್ಲಿ ನನ್ನ ತಪ್ಪೇ ಜಾಸ್ತಿ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಗಂಡಸರ ಜೀನ್ಸ್, ಮಕ್ಕಳ ಜೀನ್ಸ್, ಜಾಬ್‌ವರ್ಕ್ (ಬೇರೆಯವರ ಬಟ್ಟೆ ಹೊಲಿದುಕೊಡುವುದು) ಎಲ್ಲವನ್ನೂ ಒಂದೇ ಉದ್ದನೆ ಪುಟಕ್ಕೆ ತುಂಬಿದ್ದೆ. ಫ್ಲೆಕ್ಸ್ ಅಂಗಡಿಯವರು ಬ್ಯಾನರಿಗೆ ಮಾಡಿಕೊಟ್ಟಿದ್ದ ಫೈಲಿನಿಂದ ಕನ್ನಡ ಬರಹವನ್ನು ಕಾಪಿ ಮಾಡಿ ಅಂಟಿಸಿದೆ. ಅದು ಹಳೇ ನುಡಿ ಫಾಂಟಿನದು, ಎಲ್ಲ ಫೋನು ಕಂಪ್ಯೂಟರುಗಳೂ ಓದುವ ಯೂನಿಕೋಡ್ ಅಲ್ಲ. ಅಂಟಿಸಿದ ಕೂಡಲೇ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ ಆಯಿತು. ಸುಮ್ನೆ ತಲೆನೋವು ಯಾಕೆ ಅಂತ ಬ್ಯಾನರನ್ನೇ ಫೋಟೋ ಮಾಡಿ ಹಾಕಿದೆ. ರೇಟು, ಸೈಜು, ವಿಳಾಸ ಎಲ್ಲ ಆ ಫೋಟೋದೊಳಗೆ. ಮನುಷ್ಯರಿಗೆ ಓದಲು ಬಂತು. ಗೂಗಲ್‌ನ ಪಾಲಿಗೆ ಆ ಪುಟದಲ್ಲಿ ಅಕ್ಷರವಾಗಿ ಉಳಿದದ್ದು "ವೆಲ್‌ಕಂ" ಮತ್ತು ಒಂದು ಫೋನ್ ನಂಬರು. ಇನ್ನು ಹುಡುಕಿದಾಗ ಮೇಲುಗಡೆ ದಪ್ಪಗೆ ಕಾಣುವ ಹೆಸರಿದೆಯಲ್ಲ, ಟೈಟಲ್ ಅನ್ನುತ್ತಾರೆ, ಅದನ್ನು ನಾನು ಮುಟ್ಟಿಯೇ ಇರಲಿಲ್ಲ. ಅದು "ಹೋಮ್" ಅಂತಲೇ ಇತ್ತು. ಜೀನ್ಸ್ ಬೇಕಾದವನು "ಹೋಮ್" ಅಂತ ಹುಡುಕುತ್ತಾನಾ?

ಒಂದು ವರ್ಷಕ್ಕೆ ಕಾಲಂನಲ್ಲಿ ಬಿದ್ದದ್ದು 7 ಹೆಸರು. ಅದರಲ್ಲಿ ಐದು ಜನ ನಮ್ಮ ಲೇಬಲ್ ನೋಡಿ, ಲೇಬಲ್ಲಿನ ಹೆಸರನ್ನೇ ಟೈಪ್ ಮಾಡಿದವರು. ಅವರು ಹೇಗಿದ್ದರೂ ಬರುತ್ತಿದ್ದರು.

ಎರಡನೇ ಸಲ ದೊಡ್ಡ ಮನಸ್ಸು ಮಾಡಿದೆವು. ಬೆಂಗಳೂರಿನ ಒಬ್ಬ ಡಿಸೈನರಿಗೆ 35 ಸಾವಿರ ಕೊಟ್ಟು ವರ್ಡ್‌ಪ್ರೆಸ್ ಅನ್ನುವ, ಸೈಟ್ ಕಟ್ಟುವ ತಂತ್ರಾಂಶದಲ್ಲಿ ಮಾಡಿಸಿದೆವು. ಸ್ವಂತ ಡೊಮೇನ್, ಅಂದರೆ ಇಂಟರ್ನೆಟ್ಟಿನಲ್ಲಿ ನಮ್ಮದೇ ಹೆಸರಿನ ವಿಳಾಸ ಬಂತು, ಅದು ಒಳ್ಳೆಯದಾಯಿತು. ಸೈಟ್ ತೆರೆದರೆ ಐದು ಫೋಟೋಗಳು ಒಂದಾದ ಮೇಲೊಂದು ಜಾರುತ್ತಿದ್ದವು. ಹಿಂದೆ ಮಷೀನ್ ಓಡುವ ವಿಡಿಯೋ. ಅಪ್ಪನಿಗೆ ಖುಷಿಯೋ ಖುಷಿ. ನಾನು ಸ್ಟೋರ್ ರೂಮಿಗೆ ಹೋಗಿ ತೆರೆದೆ. ಬಿಳಿ ಪರದೆ. ಹತ್ತು ಎಣಿಸಿದರೂ ಬಿಳಿ ಪರದೆ. ಅಪ್ಪ ಹಿಂದಿನಿಂದ ಇಣುಕಿ, "ಅಂಗ್ಡಿ ಬಾಗ್ಲು ತೆಗ್ಯಾಕ ಇಷ್ಟ್ ಹೊತ್ತಾ?" ಅಂದರು. ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಿಸಿದರೆ ಚೆನ್ನಾಗಿದೆ ಅನ್ನುವುದು ಗೂಗಲ್‌ನ ಅಳತೆ. ನಮ್ಮದು ಅದರ ಹತ್ತಿರಕ್ಕೂ ಸುಳಿಯಲಿಲ್ಲ. ಒಂದೊಂದು ಫೋಟೋ ಕ್ಯಾಮೆರಾದಿಂದ ತೆಗೆದ ಹಾಗೇ, 4 ಎಂಬಿ, 5 ಎಂಬಿ.

ಅದಕ್ಕಿಂತ ದೊಡ್ಡ ಎಡವಟ್ಟು ಮೂರು ತಿಂಗಳಾದ ಮೇಲೆ ಗೊತ್ತಾಯಿತು. ನಮ್ಮ ಹೆಸರನ್ನು ಟೈಪ್ ಮಾಡಿದರೂ ಸೈಟ್ ಬರುತ್ತಿರಲಿಲ್ಲ. ವರ್ಡ್‌ಪ್ರೆಸ್‌ನ ಸೆಟ್ಟಿಂಗ್ಸ್‌ನಲ್ಲಿ ರೀಡಿಂಗ್ ಅಂತ ಒಂದು ಪುಟವಿದೆ. ಅಲ್ಲಿ, ಸರ್ಚ್ ಎಂಜಿನ್‌ಗಳು ಈ ಸೈಟನ್ನು ಪಟ್ಟಿಗೆ ಸೇರಿಸಿಕೊಳ್ಳುವುದು ಬೇಡ ಅಂತ ಹೇಳುವ ಒಂದು ಪುಟ್ಟ ಚೌಕ. ಸೈಟ್ ಕಟ್ಟುವಾಗ ಅದಕ್ಕೆ ಟಿಕ್ ಹಾಕಿಟ್ಟುಕೊಳ್ಳುವುದು ಸರಿ. ಬಾಗಿಲು ತೆರೆದ ದಿನ ತೆಗೆಯಬೇಕು. ಅವರು ಮರೆತಿದ್ದರು. ಮೂರು ತಿಂಗಳು ಅಂಗಡಿ ತೆರೆದಿಟ್ಟು, ಹೊರಗೆ "ಇಂದು ರಜೆ" ಬೋರ್ಡ್ ನೇತುಹಾಕಿದ ಹಾಗೆ. ಹೊಸ ಸೈಟ್ ಮಾಡಿಸಿದವರು ಇದನ್ನು ಓದುತ್ತಿದ್ದರೆ ಈಗಲೇ ಎದ್ದು ಹೋಗಿ ಆ ಚೌಕ ನೋಡಿಬನ್ನಿ.

ಟಿಕ್ ತೆಗೆಸಿದ ಮೇಲೂ ದೊಡ್ಡ ಬದಲಾವಣೆ ಕಾಣಲಿಲ್ಲ. ಗೂಗಲ್ ಈಗ ಸೈಟಿನ ಮೊಬೈಲ್ ರೂಪವನ್ನೇ ಓದಿ ಪಟ್ಟಿ ಮಾಡುತ್ತದೆ. ನಮ್ಮ ಡಿಸೈನರು ಫೋನಿನಲ್ಲಿ ನೀಟಾಗಿ ಕಾಣಲಿ ಅಂತ ಮೊಬೈಲ್ ಪುಟದಿಂದ ಬರಹವನ್ನೆಲ್ಲ ತೆಗೆದು ಬರೀ ಚಿತ್ರ ಬಿಟ್ಟಿದ್ದರು. ಕೇಳಿದರೆ, "ಮೇಡಂ, ಡಿಸೈನ್ ನಮ್ಮದು. ಎಸ್‌ಇಓ ಬೇರೆಯವರ ಹತ್ರ ಮಾಡಿಸಿಕೊಳ್ಳಿ" ಅಂದರು. ಎಸ್‌ಇಓ ಅಂದರೆ ಹುಡುಕಿದಾಗ ಸೈಟ್ ಮೇಲೆ ಕಾಣುವ ಹಾಗೆ ಮಾಡುವ ಕೆಲಸ.

ಬೇರೆಯವರ ಹತ್ತಿರವೂ ಹೋದೆವು. ತಿಂಗಳಿಗೆ 6 ಸಾವಿರ, ನಾಲ್ಕು ತಿಂಗಳು. ಮೊದಲ ಪುಟದಲ್ಲಿ ತಂದುಕೊಡುತ್ತೇವೆ ಅಂದಿದ್ದರು. ತಿಂಗಳ ಕೊನೆಗೆ ಬಣ್ಣಬಣ್ಣದ ಗ್ರಾಫ್ ಬರುತ್ತಿತ್ತು. ಅವರು ಮಾಡಿದ್ದು ಏನಂದರೆ, ಪುಟದ ಕೋಡಿನಲ್ಲಿ ಕಣ್ಣಿಗೆ ಕಾಣದ ಹಾಗೆ ಇರುವ ಕೀವರ್ಡ್ ಟ್ಯಾಗಿನಲ್ಲಿ ಐವತ್ತು ಪದ ತುರುಕಿದ್ದು. ವೆಬ್ ಹುಡುಕಾಟದ ರ‍್ಯಾಂಕಿಂಗ್‌ಗೆ ಆ ಟ್ಯಾಗ್ ಬಳಸುವುದಿಲ್ಲ ಅಂತ ಗೂಗಲ್ 2009ರಲ್ಲೇ ಹೇಳಿದೆ. ಇನ್ನೊಂದು, ಪುಟದ ಕೆಳಗೆ ಬಿಳಿ ಹಿನ್ನೆಲೆಯಲ್ಲಿ ಬಿಳಿ ಅಕ್ಷರದಲ್ಲಿ ಊರುಗಳ ಹೆಸರು ಬರೆದದ್ದು. ಹಾಗೆ ಅಕ್ಷರ ಅಡಗಿಸಿಡುವುದು ಗೂಗಲ್‌ನ ನಿಯಮದ ಪ್ರಕಾರ ಮೋಸದ ಲೆಕ್ಕ. ಸೈಟನ್ನೇ ಕೆಳಗೆ ತಳ್ಳಬಹುದು. ಅಪ್ಪನಿಗೆ ಇದನ್ನು ವಿವರಿಸಿದಾಗ ಒಂದೇ ಮಾತು ಹೇಳಿದರು: "ಕಟಿಂಗ್ ತಪ್ಪಿದ್ ಪ್ಯಾಂಟ್‌ನ ವಾಷಿಂಗಿಗೆ ಹಾಕಿದ್ರ ಅಳತಿ ಸರಿ ಆಗತೈತೇನು?"

ಹದಿನಾಲ್ಕು ತಿಂಗಳಿಗೆ 19 ಹೆಸರು. ಖರ್ಚು 59 ಸಾವಿರ, ಸೈಟ್ ಇಡುವ ಜಾಗದ ಬಾಡಿಗೆ, ಅಂದರೆ ಹೋಸ್ಟಿಂಗ್, ಬೇರೆ.

ಮೂರನೆಯದನ್ನು ಮಾಡಿದ್ದು ಅಕ್ಕನ ಮಗ. ಎಂಜಿನಿಯರಿಂಗ್ ಓದುತ್ತಿದ್ದಾನೆ, ರಜೆಗೆ ಬಂದಿದ್ದ. ಲ್ಯಾಪ್‌ಟಾಪ್ ತೆಗೆಯುತ್ತಾನೆ ಅಂತ ನಾನು ಕಾದರೆ, "ಚಿಕ್ಕಮ್ಮಾ, ಮೊದ್ಲು ಆರ್ಡರ್ ಪುಸ್ತಕ ಕೊಡು. ಫೋನ್ ಮಾಡೋರು ಮೊದ್ಲನೇ ಮಾತು ಏನ್ ಕೇಳ್ತಾರ?" ಅಂದ. ಎರಡು ದಿನ ಬರೀ ಅದನ್ನೇ ಬರೆದೆವು. ಸೆಟ್ ಹೆಂಗೆ, ಎಷ್ಟು ಪೀಸ್ ತಗೋಬೇಕು, ಸ್ಟ್ರೆಚ್ ಇದೆಯಾ, ಮಕ್ಕಳದು ಮಾಡ್ತೀರಾ, ನಮ್ಮ ಬಟ್ಟೆ ಕೊಟ್ಟರೆ ಹೊಲಿದು ಕೊಡ್ತೀರಾ, ನಮ್ಮ ಲೇಬಲ್ ಹಾಕ್ತೀರಾ. ಸರ್ಚ್ ಕನ್ಸೋಲ್‌ನಲ್ಲಿ ಜನ ಟೈಪ್ ಮಾಡಿದ ಪದಗಳನ್ನೂ ಪಕ್ಕದಲ್ಲಿ ಬರೆದುಕೊಂಡೆವು. ಪುಟಗಳು ಹುಟ್ಟಿದ್ದು ಆ ಕಾಗದದಿಂದ. ಮಕ್ಕಳ ಜೀನ್ಸಿಗೆ ಒಂದು ಪುಟ, ಜಾಬ್‌ವರ್ಕಿಗೆ ಒಂದು, ಗಂಡಸರ 28ರಿಂದ 36ರವರೆಗಿನ ಐದು ಪೀಸಿನ ಸೆಟ್ಟಿಗೆ ಒಂದು, ಹೀಗೆ ಒಟ್ಟು ಒಂಬತ್ತು. ಪ್ರತಿ ಪುಟಕ್ಕೂ ಅದರದೇ ಟೈಟಲ್, ಅದರದೇ ತಲೆಬರಹ. ಬಣ್ಣ ಯಾವುದು ಅನ್ನುವ ಮಾತು ಮೂರನೇ ದಿನ ಬಂತು.

ಆ ಕಾಗದದಲ್ಲಿ ನನಗೆ ಎದ್ದು ಕಂಡದ್ದು ಊರಿನ ಹೆಸರು. 2014ರ ನವೆಂಬರ್ 1ರಿಂದ ಇಂಗ್ಲಿಷಿನಲ್ಲೂ ನಾವು "ಬಳ್ಳಾರಿ". ನಮ್ಮ ಬಿಲ್ಲು, ಬೋರ್ಡು, ಎರಡನೇ ಸೈಟು, ಎಲ್ಲದರಲ್ಲೂ ಹೊಸ ಸ್ಪೆಲ್ಲಿಂಗೇ. ಆದರೆ ನಾಂದೇಡದ ವ್ಯಾಪಾರಿ, ಕರ್ನೂಲಿನ ವ್ಯಾಪಾರಿ ಟೈಪ್ ಮಾಡುವುದು ಇವತ್ತಿಗೂ "ಬೆಲ್ಲಾರಿ ಜೀನ್ಸ್". ಗೂಗಲ್ ಎರಡೂ ಒಂದೇ ಅಂತ ತಕ್ಕಮಟ್ಟಿಗೆ ಅರ್ಥ ಮಾಡಿಕೊಳ್ಳುತ್ತದೆ. ಆದರೂ ನಾವು ವಿಳಾಸದಲ್ಲಿ ಹೊಸ ಹೆಸರು ಇಟ್ಟು, ಟೈಟಲ್‌ನಲ್ಲಿ ಹಳೇ ಸ್ಪೆಲ್ಲಿಂಗ್ ಹಾಕಿದೆವು. ಅಭಿಮಾನಕ್ಕೆ ಸ್ವಲ್ಪ ನೋವಾಯಿತು, ಸುಳ್ಳು ಯಾಕೆ ಹೇಳಲಿ.

ಕನ್ನಡದ್ದೇ ಎರಡು ಪುಟ ಮಾಡಿದೆವು, ಈ ಸಲ ಯೂನಿಕೋಡ್‌ನಲ್ಲಿ. ಸಿಂಧನೂರು, ಗಂಗಾವತಿ ಕಡೆಯ ಅಂಗಡಿಯವರು ಟೈಪ್ ಮಾಡುವ ಬದಲು ಮೈಕ್ ಒತ್ತಿ ಕನ್ನಡದಲ್ಲೇ ಕೇಳುತ್ತಾರೆ. ಪುಟದ ವಿಳಾಸವೂ ಕನ್ನಡದಲ್ಲಿರಲಿ ಅಂತ ನಾನು ಹಠ ಹಿಡಿದಿದ್ದೆ. ಹುಡುಗ ಒಪ್ಪಲಿಲ್ಲ. "ಜೀನ್ಸ್" ಅನ್ನುವ ಒಂದೇ ಪದವಿರುವ ಲಿಂಕನ್ನು ವಾಟ್ಸಾಪ್‌ಗೆ ಅಂಟಿಸಿ ತೋರಿಸಿದ. ಲಿಂಕಿನೊಳಗೆ ಅದು ಶೇಕಡಾ ಚಿಹ್ನೆ, ಇಂಗ್ಲಿಷ್ ಅಕ್ಷರ, ಅಂಕಿಗಳ 54 ಅಕ್ಷರದ ಬಾಲವಾಗಿತ್ತು. ವಿಳಾಸ ಇಂಗ್ಲಿಷ್, ಒಳಗಿನದು ಕನ್ನಡ ಅಂತ ರಾಜಿಯಾದೆವು.

ಫೋಟೋಗಳನ್ನು ವೆಬ್‌ಪಿ ಅನ್ನುವ ಹಗುರ ಮಾದರಿಗೆ ಬದಲಿಸಿ ಒಂದೊಂದನ್ನು 100 ಕೆಬಿಯೊಳಗೆ ತಂದ. ಪ್ರತಿ ಫೋಟೋಗೂ ಆಲ್ಟ್ ಬರಹ, ಅಂದರೆ ಚಿತ್ರದಲ್ಲಿ ಏನಿದೆ ಅಂತ ಒಂದು ಸಾಲು. ಜಾರುವ ಚಿತ್ರ ಇಲ್ಲ, ವಿಡಿಯೋ ಇಲ್ಲ. ಹಳೇ ಸೈಟಿನ ಪುಟಗಳ ವಿಳಾಸ ಪಟ್ಟಿ ಮಾಡಿ, ಪ್ರತಿಯೊಂದನ್ನೂ ಹೊಸ ಪುಟಕ್ಕೆ 301 ಹಾಕಿ, ಅಂದರೆ ಕಾಯಂ ಆಗಿ ವಿಳಾಸ ಬದಲಾಗಿದೆ ಅನ್ನುವ ಸೂಚನೆ ಕೊಟ್ಟು, ತಿರುಗಿಸಿದ. ಮೊದಲನೇ ಸೈಟಿನಿಂದ ಎರಡನೆಯದಕ್ಕೆ ಹೋದಾಗ ಈ ದಾರಿ ಇರಲಿಲ್ಲ. ಹಳೇ ಗಿರಾಕಿಗಳ ವಾಟ್ಸಾಪ್‌ನಲ್ಲಿದ್ದ ಲಿಂಕ್‌ಗಳೆಲ್ಲ ಸತ್ತುಹೋಗಿದ್ದವು.

ಸ್ಟೋರ್ ರೂಮಿನಲ್ಲಿ ಒತ್ತಿದೆ. "ಒಂದು" ಅನ್ನುವಷ್ಟರಲ್ಲಿ ತೆರೆದುಕೊಂಡಿತು. ಮೊದಲ ವರ್ಷ ಕಾಲಂನಲ್ಲಿ 61 ಹೆಸರು. ಹೆಸರು ಗೊತ್ತಿಲ್ಲದೇ ಹುಡುಕಿ ಬಂದವರೇ ಅದರಲ್ಲಿ ಜಾಸ್ತಿ. ಜಾಬ್‌ವರ್ಕ್ ಪುಟವೊಂದರಿಂದಲೇ 22. ನಾವು ಜಾಬ್‌ವರ್ಕ್ ಮಾಡುತ್ತೇವೆ ಅಂತ ಹಿಂದಿನ ಎರಡು ಸೈಟಿನಲ್ಲೂ ಒಂದು ಮೂಲೆಯಲ್ಲಿ ಬರೆದೇ ಇತ್ತು, ಅಲ್ವಾ? ಅದಕ್ಕೊಂದು ಸ್ವಂತ ಪುಟ ಇರಲಿಲ್ಲ, ಅಷ್ಟೇ.

ಈ ಲೆಕ್ಕದಲ್ಲಿ ಒಂದು ಓರೆ ಇದೆ. ಮೂರನೆಯದಕ್ಕೆ ಹಳೇ ಡೊಮೇನಿನ ಆಸರೆ ಇತ್ತು. ಅಷ್ಟರಲ್ಲಿ ಗೂಗಲ್ ಮ್ಯಾಪ್‌ನಲ್ಲಿ ನಮಗೆ ಒಳ್ಳೆ ರಿವ್ಯೂಗಳೂ ಸೇರಿದ್ದವು. ಅದೂ ಅಲ್ಲದೆ ಊರೊಳಗಿನ ಫೋನ್‌ಗಳು ಈಗಲೂ ಹೆಚ್ಚಾಗಿ ಗೂಗಲ್ ಮ್ಯಾಪ್‌ನಲ್ಲಿ ಕಾಣುವ ನಮ್ಮ ಬಿಸಿನೆಸ್ ಪ್ರೊಫೈಲಿನಿಂದಲೇ ಬರುತ್ತವೆ, ಸೈಟಿನಿಂದಲ್ಲ. ಕಿರಾಣಿ ಅಂಗಡಿ, ಟೈಲರ್ ಅಂಗಡಿಯವರಿಗೆ ಅದೊಂದೇ ಸಾಕಾಗಬಹುದು. ಆದರೆ ಪ್ರೊಫೈಲಿನ ಜೊತೆ ಪುಕ್ಕಟೆ ಸಿಗುತ್ತಿದ್ದ ಒಂದು ಪುಟದ ಸೈಟ್‌ಗಳನ್ನು ಗೂಗಲ್ 2024ರ ಮಾರ್ಚ್‌ನಲ್ಲಿ ನಿಲ್ಲಿಸಿತು. ಹಾಗಾಗಿ ಸ್ವಂತ ಡೊಮೇನ್ ತೆಗೆದಿಡಿ ಅಂತಲೇ ನನ್ನ ಮಾತು.

ಮೂರನೆಯದರ ಕಷ್ಟವೂ ಇದೆ. ಅದು ಕೈಯಲ್ಲಿ ಬರೆದ ಎಚ್‌ಟಿಎಂಎಲ್, ಅಂದರೆ ವೆಬ್ ಪುಟದ ಕೋಡು. ರೇಟ್ ಬದಲಿಸಬೇಕಾದರೆ ಹುಡುಗನನ್ನೇ ಹಿಡಿಯಬೇಕು. ಪರೀಕ್ಷೆ ಬಂತೆಂದರೆ ಫೋನ್ ಎತ್ತುವುದಿಲ್ಲ. ಕಳೆದ ವರ್ಷ ಒಂದೂವರೆ ತಿಂಗಳು ಹಳೇ ರೇಟೇ ಸೈಟಿನಲ್ಲಿತ್ತು. ಯಾದಗಿರಿಯ ಒಬ್ಬರು ಅದನ್ನೇ ತೋರಿಸಿ ಚೌಕಾಸಿ ಮಾಡಿದರು, ಕೊಡಬೇಕಾಯಿತು. ಈಗ ರೇಟನ್ನು ಸೈಟಿನಿಂದ ತೆಗೆದು ವಾಟ್ಸಾಪ್ ಕ್ಯಾಟಲಾಗ್‌ಗೆ ಹಾಕಿದ್ದೇವೆ.

ಗೆದ್ದದ್ದು ಎಚ್‌ಟಿಎಂಎಲ್ಲೋ, ಆ ಎರಡು ದಿನದ ಕಾಗದವೋ ಅಂತ ನನಗೆ ಅನುಮಾನ ಇತ್ತು. ಆನೆಗೊಂದಿಯಲ್ಲಿ ಹೋಮ್‌ಸ್ಟೇ ನಡೆಸುವ ಗೆಳತಿ ಸೈಟ್ ಬೇಕು ಅಂದಾಗ ಪರೀಕ್ಷೆ ಮಾಡಿದೆ. ಅದೇ ರೀತಿ ಕಾಗದ ಬರೆಸಿದೆ, ಆದರೆ ಕಟ್ಟಿದ್ದು ವರ್ಡ್‌ಪ್ರೆಸ್‌ನಲ್ಲಿ, ಹಗುರವಾದ ಒಂದು ಥೀಮ್, ಅಂದರೆ ಸಿದ್ಧ ವಿನ್ಯಾಸ, ಹಾಕಿ. ಅವಳ ಊರು ಕೊಪ್ಪಳ ಜಿಲ್ಲೆ, ಆದರೆ ಪ್ರವಾಸಿಗರು ಹುಡುಕುವುದು "ಹಂಪಿ ಹತ್ತಿರ ರೂಮ್". ಅದಕ್ಕೊಂದು ಪುಟ, ಹೊಳೆ ದಾಟಿ ಬರುವ ದಾರಿಗೊಂದು ಪುಟ, ಊಟಕ್ಕೊಂದು ಪುಟ. ಆರು ತಿಂಗಳಲ್ಲಿ ನೇರ ಬುಕಿಂಗ್ ಬರತೊಡಗಿತು. ರೇಟ್ ಅವಳೇ ಬದಲಿಸಿಕೊಳ್ಳುತ್ತಾಳೆ, ಯಾರ ಪರೀಕ್ಷೆಗೂ ಕಾಯುವುದಿಲ್ಲ. ವಾರಕ್ಕೊಮ್ಮೆ ಮಾಲು ಬದಲಾಗುವವರಿಗೆ ನಾನು ಹೇಳುವುದು ಅದನ್ನೇ. ನಮ್ಮ ಹಾಗೆ ವರ್ಷವೆಲ್ಲ ಅದೇ ಮಾಲು ಹೊಲಿಯುವವರಿಗೆ, ಮನೆಯಲ್ಲೊಬ್ಬ ಹುಡುಗ ಇದ್ದರೆ, ಕೈಬರಹದ ಸೈಟ್ ಸಾಕು. ರೆಡಿಮೇಡ್ ಸೈಟನ್ನೂ ಪೂರ್ತಿ ತಳ್ಳಿಹಾಕುವುದಿಲ್ಲ. ಅದರಲ್ಲೂ ಬೇರೆ ಬೇರೆ ಪುಟ ಮಾಡಬಹುದಿತ್ತು, ಟೈಟಲ್ ಬರೆಯಬಹುದಿತ್ತು. ನಾನೇ ಮಾಡಿರಲಿಲ್ಲ.

ಅಪ್ಪನದು ಮಾತ್ರ ಒಂದು ತಕರಾರು ಉಳಿದಿತ್ತು. ಎರಡನೇ ಸೈಟಿನಲ್ಲಿ ಮೇಲ್ಗಡೆಯೇ ಕನಕ ದುರ್ಗಮ್ಮನ ದೊಡ್ಡ ಫೋಟೋ ಇತ್ತು, 3 ಎಂಬಿಯದು. ಹೊಸದರಲ್ಲಿ ಅದು ಇಲ್ಲ ಅಂತ ವಾರಗಟ್ಟಲೆ ಮುನಿಸು. ಕೊನೆಗೆ ಹುಡುಗ ಅದನ್ನು 70 ಕೆಬಿಗೆ ಇಳಿಸಿ, "ನಮ್ಮ ಬಗ್ಗೆ" ಪುಟದಲ್ಲಿ ಕೂರಿಸಿ, ಆಲ್ಟ್‌ನಲ್ಲಿ "ಬಳ್ಳಾರಿ ಕನಕ ದುರ್ಗಮ್ಮ" ಅಂತ ಕನ್ನಡದಲ್ಲಿ ಬರೆದ. ಮೊನ್ನೆ ಸರ್ಚ್ ಕನ್ಸೋಲ್ ತೆರೆದರೆ ಆ ಪುಟಕ್ಕೆ ಚಿತ್ರ ಹುಡುಕಾಟದಿಂದ ಜನ ಬಂದಿದ್ದಾರೆ. ಜೀನ್ಸ್ ಕೇಳಿದವರು ಒಬ್ಬರೂ ಇಲ್ಲ. ಅಪ್ಪನಿಗೆ ತೋರಿಸಿದೆ. ಕತ್ತರಿ ಕೆಳಗಿಟ್ಟು ಕನ್ನಡಕ ಹಾಕಿಕೊಂಡು ನೋಡಿದರು. "ನೋಡ್ದೇನು, ಅಕಿ ಕರ್ಕೊಂಡ್ ಬಂದಾಳ" ಅಂದು ಮತ್ತೆ ಕಟಿಂಗಿಗೆ ಬಗ್ಗಿದರು.