15 ಬ್ಯಾಚ್ ಆದ ಮೇಲೆ: ಬ್ರಾಯ್ಲರ್ ಮರಿಗಳಿಗೆ ನೀರಲ್ಲಿ ಕೊಡುವ 25-ಹೈಡ್ರಾಕ್ಸಿ ಡಿ3

ತುಮಕೂರು ಕಡೆ ನಮ್ಮದು 3000 ಕೋಳಿಯ ಬ್ರಾಯ್ಲರ್ ಶೆಡ್. ಕಂಪನಿ ಕೋಳಿ ಅಲ್ಲ. ಮರಿ, ಫೀಡು, ಔಷಧಿ ಎಲ್ಲ ನಮ್ಮದೇ ದುಡ್ಡು. ಒಂದು ಕೋಳಿ ಕಾಲು ಬಿದ್ದರೂ ನಷ್ಟ ನಮ್ಮದೇ. ನೀರಲ್ಲಿ ಬೆರೆಸೋ ವಿಟಮಿನ್ ಡಿ3 ದ್ರವ ಬಳಸೋಕೆ ಶುರುಮಾಡಿ ಎರಡೂವರೆ ವರ್ಷ ಆಯಿತು. ಮೊದಲ ಆರು ಬ್ಯಾಚಿಗೆ ಸಾದಾ ಡಿ3, ಆಮೇಲಿನ ಒಂಬತ್ತಕ್ಕೆ 25-ಹೈಡ್ರಾಕ್ಸಿ, ಅಂದರೆ ಡಿ3 ಲಿವರ್‌ನಲ್ಲಿ ಬದಲಾಗಿ ಪಡೆಯೋ ರೂಪ. ನಡುವೆ ಬ್ರಾಂಡೂ ಬದಲಾಗಿದೆ. ಅದಕ್ಕೇ ಹೆಸರು ಹೇಳೋಕೆ ಹೋಗಲ್ಲ, ಲೇಬಲ್ ಮೇಲೆ ಏನು ನೋಡಬೇಕು ಅಂತ ಹೇಳ್ತೀನಿ.

ಇದಕ್ಕೆ ಕೈ ಹಾಕಿದ್ದು ಒಂದು ಮಳೆಗಾಲದ ಬ್ಯಾಚಿನಲ್ಲಿ. 11ನೇ ದಿನ ಬೆಳಗ್ಗೆ ಪರದೆ ಎತ್ತಿದರೆ ಮೂವತ್ತು ನಲವತ್ತು ಮರಿ ಕಾಲಿನ ಗೆಣ್ಣಿನ ಮೇಲೆ ಕೂತಿದ್ದವು. ಎಬ್ಬಿಸಿದರೆ ರೆಕ್ಕೆ ಊರಿಕೊಂಡು ತೆವಳುತ್ತಿದ್ದವು. ಏನೋ ಸೋಂಕು ಅಂದುಕೊಂಡು ಆಂಟಿಬಯಾಟಿಕ್ ತರೋಕೆ ಹೊರಟಿದ್ದೆ. ಡಾಕ್ಟ್ರು ಬಂದು ತಡೆದರು. ಒಂದು ಮರಿ ಎತ್ತಿಕೊಂಡು ಅದರ ಕೊಕ್ಕನ್ನ ಎರಡು ಬೆರಳಲ್ಲಿ ಒತ್ತಿದರು, ರಬ್ಬರಿನ ಹಾಗೆ ಬಾಗಿತು. ಸತ್ತ ಮರಿಯ ಕಾಲಿನ ಮೂಳೆ ಬಿಡಿಸಿ ನನ್ನ ಕೈಗೇ ಕೊಟ್ಟು ‘ಮುರೀರಿ ನೋಡೋಣ’ ಅಂದರು. ಗಟ್ಟಿ ಮೂಳೆ ಆದರೆ ಟಕ್ ಅಂತ ಮುರೀಬೇಕು. ಇದು ಹಸಿ ಬೇವಿನ ಕಡ್ಡಿ ಥರ ಬಗ್ಗಿತೇ ಹೊರತು ಮುರೀಲಿಲ್ಲ. ರಿಕೆಟ್ಸ್, ಅಂದರೆ ಮೂಳೆ ಗಟ್ಟಿಯಾಗದೆ ಮೆತ್ತಗಾಗೋ ರೋಗ.

ಫೀಡ್ ಸ್ಯಾಂಪಲ್ ಲ್ಯಾಬಿಗೆ ಕಳಿಸಿದೆ. ಕ್ಯಾಲ್ಸಿಯಂ, ರಂಜಕ ಎರಡೂ ಸರಿಯಾಗೇ ಇದ್ದವು. ಆದರೆ ಕರುಳಿನಿಂದ ಆ ಕ್ಯಾಲ್ಸಿಯಂ ಮೈಗೆ ಹತ್ತಬೇಕಾದರೆ ವಿಟಮಿನ್ ಡಿ ಬೇಕೇ ಬೇಕು. ನಾನು ಆ ಸಲ ರೇಟು ಏರುತ್ತೆ ಅಂತ ಫೀಡನ್ನ ಮುಂಚಿತವಾಗಿ ತಂದು, ತೇವದ ಗೋಡೆಗೆ ಒತ್ತಿ ಪೇರಿಸಿಟ್ಟಿದ್ದೆ. ಪ್ರಿಮಿಕ್ಸಿನಲ್ಲಿರೋ (ಫೀಡಿಗೆ ಬೆರೆಸೋ ಪೋಷಕಾಂಶದ ಪುಡಿ) ವಿಟಮಿನ್‌ಗಳು ಶೆಕೆ, ತೇವ ತಾಗಿದರೆ ಸತ್ವ ಕಳಕೊಳ್ಳುತ್ತವೆ. ಖನಿಜಾಂಶ, ಕೋಲಿನ್ ಕ್ಲೋರೈಡ್ ಜೊತೆ ಬಹಳ ದಿನ ಇದ್ದರಂತೂ ಇನ್ನೂ ಬೇಗ. ಡಾಕ್ಟ್ರ ಅನುಮಾನವೂ ಅದೇ.

‘ಬಿಸಿಲಿದೆಯಲ್ಲ, ಡಿ ಯಾಕೆ ಬೇಕು?’ ಅಂತ ನಮ್ಮೂರಲ್ಲಿ ಎಲ್ಲರೂ ಕೇಳ್ತಾರೆ. ಶೆಡ್ಡನ್ನ ಪೂರ್ವ-ಪಶ್ಚಿಮ ಉದ್ದಕ್ಕೆ ಕಟ್ಟೋದೇ ನೇರ ಬಿಸಿಲು ಒಳಗೆ ಬೀಳಬಾರದು ಅಂತ. ಅಂಗಳದಲ್ಲಿ ಕೆದಕೋ ನಾಟಿಕೋಳಿಗೆ ಸಿಗೋ ಡಿ ನಮ್ಮ ಬ್ರಾಯ್ಲರ್‌ಗೆ ಸಿಗಲ್ಲ, ಅದು ತಿನ್ನೋದರಲ್ಲಿ ಕುಡಿಯೋದರಲ್ಲಿ ಇದ್ದಷ್ಟೇ. ಅದರ ಮೇಲೆ 40-42 ಗ್ರಾಂ ಇದ್ದ ಮರಿ ಆರು ವಾರಕ್ಕೆ ಎರಡೂವರೆ ಕೆಜಿ ತೂಗಬೇಕು. ಆ ಭಾರ ಹೊರೋ ಮೂಳೆಗೆ ಅಡಿಪಾಯ ಬೀಳೋದು ಮೊದಲ ಎರಡು ವಾರದಲ್ಲಿ. ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿಯ (ಎನ್‌ಆರ್‌ಸಿ) 1994ರ ಪಟ್ಟಿಯಲ್ಲಿ ಬ್ರಾಯ್ಲರ್‌ಗೆ ಕೆಜಿ ಫೀಡಿಗೆ 200 ಐಯು (ವಿಟಮಿನ್ ಅಳೆಯೋ ಅಂತರರಾಷ್ಟ್ರೀಯ ಮಾನ) ಡಿ3 ಸಾಕು ಅಂತಿದೆ. ಈಗಿನ ತಳಿಗಳ ಕೈಪಿಡಿಗಳು ಸ್ಟಾರ್ಟರ್‌ನಲ್ಲಿ (ಎಳೆ ಮರಿಯ ಮೊದಲ ಫೀಡು) 5000 ಐಯುವರೆಗೆ ಹೇಳುತ್ತವೆ.

ಸಾದಾ ಡಿ3 ಕೊಟ್ಟ ಆರು ಬ್ಯಾಚೂ ಕೆಟ್ಟದಾಗಿರಲಿಲ್ಲ. ಕೊಕ್ಕು ಬಾಗೋದು ಮತ್ತೆ ಕಾಣಲಿಲ್ಲ. ಆದರೆ ನಾಲ್ಕನೇ ವಾರದ ನಂತರ ಕುಂಟೋವು ಇದ್ದೇ ಇದ್ದವು. ಸಾದಾ ಡಿ3 ಮೈಗೆ ಹತ್ತಬೇಕಾದರೆ ಪಿತ್ತರಸ, ಕೊಬ್ಬಿನ ಜೀರ್ಣ ಚೆನ್ನಾಗಿರಬೇಕು. ಎಳೆ ಮರಿಗೆ ಅದೇ ಇನ್ನೂ ಕೂಡಿಬಂದಿರಲ್ಲ. ಹತ್ತಿದ ಮೇಲೆ ಲಿವರ್‌ನಲ್ಲಿ 25-ಹೈಡ್ರಾಕ್ಸಿ ಆಗಿ, ಅಲ್ಲಿಂದ ಕಿಡ್ನಿಗೆ ಹೋಗಿ ಕೆಲಸಕ್ಕೆ ಬರೋ ರೂಪ ಪಡೀಬೇಕು. 25-ಹೈಡ್ರಾಕ್ಸಿ ಕೊಟ್ಟರೆ ಲಿವರ್‌ನ ಆ ಹಂತ ಬೇಕಾಗಲ್ಲ. ಬೂಸ್ಟು ಹಿಡಿದ ಮೆಕ್ಕೆಜೋಳದ ಅಫ್ಲಾಟಾಕ್ಸಿನ್ ಅನ್ನೋ ವಿಷ ಹೊಡೆಯೋದೂ ಲಿವರ್‌ಗೇ ಅನ್ನೋದನ್ನ ನೆನೆದರೆ ಇದರ ಬೆಲೆ ಗೊತ್ತಾಗುತ್ತೆ.

ನಾನು ಮೊದಲ 10 ದಿನ, ಬೆಳಗಿನ ನೀರಲ್ಲಿ, ಎರಡು ಗಂಟೆಯೊಳಗೆ ಕುಡಿದು ಮುಗಿಸೋವಷ್ಟು ನೀರಿಗೆ ಮಾತ್ರ ಬೆರೆಸ್ತೀನಿ. ಮುಂಚೆ ಬ್ಯಾಚಿಗೆ ಕಾಲಿನ ತೊಂದರೆಗೇ ಅರವತ್ತರ ಹತ್ತಿರ ಕೋಳಿ ತೆಗೀತಿದ್ದೆ. ಈಗ ಇಪ್ಪತ್ತರ ಒಳಗಿದೆ. ಪೂರ್ತಿ ಶ್ರೇಯಸ್ಸು ಈ ಬಾಟಲಿಗೆ ಕೊಟ್ಟರೆ ತಪ್ಪಾಗುತ್ತೆ. ಅದೇ ಹೊತ್ತಲ್ಲಿ ರಾತ್ರಿ ಲೈಟ್ ಆರಿಸೋದು ಶುರುಮಾಡಿದೆ, ಬ್ರೂಡಿಂಗ್‌ನಲ್ಲಿ (ಎಳೆ ಮರಿಗಳನ್ನ ಬೆಚ್ಚಗಿಡೋ ದಿನಗಳಲ್ಲಿ) ಪೇಪರ್ ಮೇಲೆ ಮರಿ ಜಾರೋದನ್ನ ತಪ್ಪಿಸಿದೆ, ಫೀಡನ್ನ ಹಲಗೆ ಮೇಲಿಟ್ಟು ಹದಿನೈದು ದಿನಕ್ಕಾಗೋವಷ್ಟೇ ತರ್ತೀನಿ. ಆದರೂ ಒಂದು ಮಾತ್ರ ಖಾತ್ರಿ: ಸತ್ತ ಕೋಳಿಯ ಮೂಳೆ ಮುರಿದು ನೋಡೋದನ್ನ ನಾನು ಇವತ್ತಿಗೂ ಬಿಟ್ಟಿಲ್ಲ, ಈಗ ಆ ಟಕ್ ಶಬ್ದ ಕೇಳುತ್ತೆ.

ಇನ್ನು ಕೊರತೆಗಳು. ಬೆಲೆ ಸಾದಾ ಡಿ3ಗಿಂತ ಬಹಳ ಜಾಸ್ತಿ, ಸಣ್ಣ ಶೆಡ್ಡಿಗೆ ಹೊರೆಯೇ. ಎಣ್ಣೆ ಅಂಶ ಇರೋದರಿಂದ ಕೋಳಿ ನೀರು ಕುಡಿಯೋ ನಿಪ್ಪಲ್ ಪೈಪ್ ಲೈನಿನೊಳಗೆ ಲೋಳೆ ಕಟ್ಟುತ್ತೆ. ಒಂದು ಬ್ಯಾಚಿನಲ್ಲಿ ಕೊನೇ ಸಾಲಿನ ನಿಪ್ಪಲ್‌ಗಳು ಕಟ್ಟಿಕೊಂಡು ಮರಿಗಳು ಅರ್ಧ ದಿನ ಬಾಯಾರಿ ನಿಂತಿದ್ದವು, ಅದನ್ನ ನೆನೆದರೆ ಈಗಲೂ ಸಂಕಟ ಆಗುತ್ತೆ. ಕೊಟ್ಟ ದಿನವೇ ಲೈನ್ ಫ್ಲಶ್ ಮಾಡಲೇಬೇಕು. ಕ್ಲೋರಿನ್ ಹಾಕಿದ ನೀರಲ್ಲಿ ಬೆರೆಸಬೇಡಿ.

ಕಾಲು ಬಿದ್ದ ಮೇಲೆ ಕೊಟ್ಟರೆ? ದುಡ್ಡು ದಂಡ. 32 ದಿನದ ಕುಂಟು ಕೋಳಿಗಳಿಗೆ ಎರಡು ಬಾಟಲಿ ಸುರಿದು ನೋಡಿದ್ದೀನಿ, ಒಂದೂ ಎದ್ದು ನಿಲ್ಲಲಿಲ್ಲ. ಆ ವಯಸ್ಸಿನ ಕುಂಟಿಗೆ ಎಷ್ಟೋ ಸಲ ತೊಡೆ ಮೂಳೆಯ ತಲೆಗೆ ಹತ್ತಿದ ಬ್ಯಾಕ್ಟೀರಿಯಾ ಕಾರಣ ಇರುತ್ತೆ. ಪೋಸ್ಟ್‌ಮಾರ್ಟಂ ಮಾಡಿಸದೆ ಬಾಟಲಿ ಬಿಚ್ಚಬೇಡಿ.

ತಗೊಳ್ಳೋರು ಲೇಬಲ್‌ನಲ್ಲಿ ಡಿ2 ಇದ್ದರೆ ವಾಪಸ್ ಇಟ್ಟುಬಿಡಿ, ಕೋಳಿಗೆ ಅದು ಹೆಚ್ಚೇನೂ ಉಪಯೋಗಕ್ಕೆ ಬರಲ್ಲ. 25-ಹೈಡ್ರಾಕ್ಸಿ ಅಂತ ಬರೆದು, ಎಷ್ಟು ಮೈಕ್ರೋಗ್ರಾಂ ಅಂತ ಬರೆಯದೇ ಇದ್ದರೂ ಅಷ್ಟೇ. ನಿಮ್ಮ ಫೀಡಿನಲ್ಲಿ ಈಗಾಗಲೇ 25-ಹೈಡ್ರಾಕ್ಸಿ ಇದೆಯಾ ಅಂತ ಮಿಲ್ಲಿನವರನ್ನ ಕೇಳಿ. ಸಾಮಾನ್ಯವಾಗಿ ಕೆಜಿಗೆ 69 ಮೈಕ್ರೋಗ್ರಾಂ ಹಾಕಿರ್ತಾರೆ, ಅಂದರೆ 2760 ಐಯುಗೆ ಸಮ. ಅದಿದ್ದರೆ ನೀರಲ್ಲಿ ಮತ್ತೆ ಕೊಡಬೇಡಿ. ಡಿ ಅತಿಯಾದರೆ ಕಿಡ್ನಿಯಲ್ಲಿ ಕ್ಯಾಲ್ಸಿಯಂ ಕಟ್ಟುತ್ತೆ, ಅದರಲ್ಲೂ 25-ಹೈಡ್ರಾಕ್ಸಿ ಸಾದಾ ಡಿ3ಗಿಂತ ಬೇಗ ವಿಷವಾಗುತ್ತೆ.

5ಕ್ಕೆ 4 ಕೊಡ್ತೀನಿ. ಮುಂದಿನ ಬ್ಯಾಚಿಗೆ ಮಿಲ್ಲಿನಲ್ಲೇ 25-ಹೈಡ್ರಾಕ್ಸಿ ಹಾಕಿಸಿ, ನೀರಿನದನ್ನ ನಿಲ್ಲಿಸಿ ನೋಡೋಣ ಅಂತಿದ್ದೀನಿ. ಮರಿ ಇಳಿದ 14ನೇ ದಿನ ಮತ್ತೆ ಮೂಳೆ ಮುರಿದು ನೋಡಿ ಇಲ್ಲೇ ಬರೀತೀನಿ.