ಯಕ್ಷಗಾನಕ್ಕೆ ಅಗ್ಗದ ಕಾರ್ಡ್‌ಲೆಸ್ ಮೈಕ್ ಸೆಟ್: ದುಡ್ಡು ಕೊಡುವ ಮೊದಲು ಓದಿ

ಹೊನ್ನಾವರ ಕಡೆಯ ಒಂದು ಹವ್ಯಾಸಿ ತಂಡ ಎಂಟು ಕಾಲರ್ ಮೈಕಿನ ಕಾರ್ಡ್‌ಲೆಸ್ ಸೆಟ್ ಕೊಂಡು, ಮೊದಲ ಆಟದ ಮಧ್ಯದಲ್ಲೇ ಬಂದ್ ಮಾಡಬೇಕಾಯಿತು. ಅಂಗಡಿಯಲ್ಲಿ ಒಂದೊಂದೇ ಮೈಕ್ ಹಿಡಿದು ‘ಹಲೋ, ಚೆಕ್’ ಅಂದಾಗ ಎಲ್ಲವೂ ಸ್ವಚ್ಛವಾಗಿಯೇ ಕೇಳಿದ್ದವು. ರಂಗಸ್ಥಳಕ್ಕೆ ನಾಲ್ಕು ವೇಷ ಬಂದದ್ದೇ ತಡ, ಕರಕರ ಶುರು. ಅರ್ಥ ಹೇಳುತ್ತಿದ್ದವರ ಮಾತು ಅರ್ಧಕ್ಕೇ ನಿಂತಿತು.

ಇದಕ್ಕೆ ಆ ಸೆಟ್ಟಿನ ಹಣೆಬರಹವನ್ನು ಹಳಿದು ಫಲವಿಲ್ಲ, ಲೆಕ್ಕವೇ ಹಾಗಿದೆ. 650 ಮತ್ತು 651 ಮೆಗಾಹರ್ಟ್ಸ್‌ನ ಎರಡು ಟ್ರಾನ್ಸ್‌ಮಿಟರ್ (ಮೈಕಿನ ಸ್ವರವನ್ನು ರೇಡಿಯೋ ಅಲೆಯಾಗಿ ಕಳಿಸುವ ಡಬ್ಬಿ) ಒತ್ತಿಗೆ ಬಂದರೆ 649ರಲ್ಲೂ 652ರಲ್ಲೂ ಸುಳ್ಳು ಸಿಗ್ನಲ್ ಹುಟ್ಟುತ್ತದೆ. ಮೂರನೆಯ ಮೈಕ್ 652ರಲ್ಲಿದ್ದರೆ ಕೆಟ್ಟಿತೆಂದೇ ತಿಳಿಯಿರಿ. ಫ್ರೀಕ್ವೆನ್ಸಿ ಬದಲಿಸಲು ಬಾರದ, ಸಮ ಅಂತರದಲ್ಲಿ ಜೋಡಿಸಿದ ಸೆಟ್ ಬೇಡವೇ ಬೇಡ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಇನ್ನೊಂದು ನೋಡಿ: 703–748 ಮತ್ತು 758–803 ಮೆಗಾಹರ್ಟ್ಸ್ ಈಗ 5ಜಿ ಮೊಬೈಲಿನ ಜಾಗ. ಆಟ ನೋಡಲು ಬಂದವರ ಜೇಬಿನಲ್ಲೆಲ್ಲ ಅದೇ ಇರುತ್ತದೆ.

ಮತ್ತೆ ನಮ್ಮ ಕರಾವಳಿಯ ಸೆಖೆ. ದಗಲೆಯೊಳಗೆ, ಅಂದರೆ ವೇಷದ ಅಂಗಿಯೊಳಗೆ, ಮೈಗೆ ಅಂಟಿಸಿ ಟ್ರಾನ್ಸ್‌ಮಿಟರ್ ಪ್ಯಾಕ್ ಕಟ್ಟಿದರೆ ಬೆವರಿದ ಮೈಯೇ ಸಿಗ್ನಲ್ ನುಂಗುತ್ತದೆ. ಆಂಟೆನಾ ಮಡಚಬಾರದು, ಮೈಗೆ ತಾಗಬಾರದು. ಮೈಕಿನ ಸಣ್ಣ ತೂತಿಗೆ ಬೆವರಿನ ಒಂದು ಹನಿ ಕೂತರೆ ಸ್ವರ ಮಂಕು. ರಿಸೀವರನ್ನು ಸ್ಪೀಕರಿನ ಹಿಂದೆ ಬಚ್ಚಿಡದೆ, ವೇಷಗಳು ಕಾಣುವಂತೆ ತಲೆಗಿಂತ ಎತ್ತರದಲ್ಲಿಡಿ.

ಕಾಲರ್ ಮೈಕ್‌ಗಳು ಸಾಮಾನ್ಯವಾಗಿ ಸುತ್ತಲಿನದನ್ನೆಲ್ಲ ಹಿಡಿಯುತ್ತವೆ. ಅಂದರೆ ಮಾತಿಗಿಂತ ಮೊದಲು ಚಂಡೆ. ತೆರೆದಿಟ್ಟ ಮೈಕುಗಳ ಸಂಖ್ಯೆ ಇಮ್ಮಡಿಯಾದಾಗಲೆಲ್ಲ, ಸ್ಪೀಕರಿನ ಸದ್ದು ಮೈಕಿಗೇ ಮರಳಿ ಕೂಗು ಬಾರದಂತೆ ಏರಿಸಬಹುದಾದ ಸೌಂಡ್ 3 ಡೆಸಿಬೆಲ್ ಕುಸಿಯುತ್ತದೆ. ಎಂಟು ತೆರೆದರೆ 9 ಹೋಯಿತು.

ಅದೇ ದುಡ್ಡಿನಲ್ಲಿ ಭಾಗವತರಿಗೊಂದು ಒಳ್ಳೆಯ ವೈರಿನ ಕಾರ್ಡಿಯಾಯ್ಡ್ (ಮುಂದಿನ ಸದ್ದನ್ನು ಹೆಚ್ಚು, ಹಿಂದಿನದನ್ನು ಕಡಿಮೆ ಹಿಡಿಯುವ) ಡೈನಾಮಿಕ್ ಮೈಕ್ ಬರುತ್ತದೆ. ಬಾಯಿಂದ ನಾಲ್ಕು ಬೆರಳು ದೂರ, ಮೈಕಿನ ಬಾಲ ಆದಷ್ಟು ಚಂಡೆಯ ಕಡೆಗಿರಲಿ. ಈ ಬಗೆಯ ಹೆಸರಾಂತ ಮೈಕ್ ಶೂರ್ ಎಸ್‌ಎಂ58ರ ಹೆಸರಿನಲ್ಲಿ ನಕಲಿ ಮಾಲು ಬಹಳ. ಅಸಲಿಯ ತೂಕ 298 ಗ್ರಾಂ, ತಕ್ಕಡಿಗೆ ಹಾಕಲು ನಾಚಿಕೆ ಬೇಡ. ವೇಷಗಳಿಗೆ ರಂಗಸ್ಥಳದ ಮುಂದೆ ಮೂರು ಮೈಕ್ ಸಾಕು. ಹಳೆಯ ಪದ್ಧತಿ ಅನ್ನಿ, ಕೇಳುವುದಂತೂ ಕೇಳುತ್ತದೆ.

ಕಾರ್ಡ್‌ಲೆಸ್ಸೇ ಬೇಕೆಂದರೆ ಅಂಗಡಿಯಲ್ಲಿ ಎಂಟೂ ಪ್ಯಾಕುಗಳನ್ನು ಒಂದೇ ಮೇಜಿನ ಮೇಲೆ ಒಂದೊಂದು ಅಡಿ ಬಿಟ್ಟು ಆನ್ ಮಾಡಿ. ಆಮೇಲೆ ಒಂದನ್ನು ಮಾತ್ರ ಆಫ್ ಮಾಡಿ, ಅದರ ರಿಸೀವರಿನ ಸಿಗ್ನಲ್ ದೀಪ ನೋಡಿ. ಹೀಗೆ ಎಂಟಕ್ಕೂ ಮಾಡಿ. ಆಫ್ ಮಾಡಿದ ಮೈಕಿಗೂ ದೀಪ ಉರಿಯುತ್ತಿದ್ದರೆ ಸೆಟ್ಟನ್ನು ಅಲ್ಲೇ ಬಿಟ್ಟು ಬನ್ನಿ.