ಒಂದೇ ವಿಳಾಸ, ಎರಡು ಊರು: ಎನಿಕಾಸ್ಟ್‌ಗೆ ಸ್ಟ್ಯಾಟಿಕ್ ರೂಟೋ, ಓಎಸ್‌ಪಿಎಫ್ಫೋ, ಬಿಜಿಪಿಯೋ?

ನಮ್ಮ ಇಂಟರ್ನೆಟ್ ಗಿರಾಕಿಗಳು ತುಮಕೂರಿನಲ್ಲೂ ಇದ್ದಾರೆ, ಶಿರಾದಲ್ಲೂ ಇದ್ದಾರೆ. ಎರಡೂ ಕಡೆ ಒಂದೊಂದು ಡಿಎನ್‌ಎಸ್ ಸರ್ವರ್ (ಸೈಟಿನ ಹೆಸರು ಕೇಳಿದರೆ ಅದರ ಐಪಿ ವಿಳಾಸ ಹೇಳೋದು) ಇಟ್ಟು, ಎರಡಕ್ಕೂ 10.53.53.53 ಅನ್ನೋ ಒಂದೇ ಎನಿಕಾಸ್ಟ್ ವಿಳಾಸ ಕೊಟ್ಟೆ. ಎನಿಕಾಸ್ಟ್ ಅಂದ್ರೆ ಹಲವು ಯಂತ್ರಗಳಿಗೆ ಒಂದೇ ವಿಳಾಸ; ಹತ್ತಿರದ್ದು ಉತ್ತರ ಕೊಡುತ್ತೆ. ಶಿರಾದವರ ಪ್ರಶ್ನೆಗೆ ಶಿರಾದಲ್ಲೇ ಉತ್ತರ ಸಿಗಬೇಕು. ಅಲ್ಲಿನ ಸರ್ವರ್ ಕೈಕೊಟ್ಟರೆ ತಾನಾಗಿ ತುಮಕೂರಿಗೆ ಬರಬೇಕು. ಲೂಪ್‌ಬ್ಯಾಕ್ (ಯಂತ್ರದೊಳಗಿನ ಕಾಲ್ಪನಿಕ ಇಂಟರ್‌ಫೇಸ್) ಮೇಲೆ ವಿಳಾಸವನ್ನು /32 ಆಗಿ, ಅಂದ್ರೆ ಒಂಟಿ ವಿಳಾಸವಾಗಿ, ಹಾಕೋದು ಎರಡು ನಿಮಿಷದ ಕೆಲಸ. ಸರ್ವರ್ ಕೆಟ್ಟಾಗ ಆ ವಿಳಾಸಕ್ಕೆ ಹೋಗೋ ದಾರಿಯನ್ನು, ಅಂದ್ರೆ ರೂಟನ್ನು, ಯಾವಾಗ ವಾಪಸ್ ತೆಗೀಬೇಕು ಅನ್ನೋದೇ ಕಷ್ಟ. ಮೂರು ದಾರಿ ಹಿಡಿದು ನೋಡಿದೆ.

ಮೊದಲು ಮೈಕ್ರೋಟಿಕ್ ರೂಟರ್‌ನಲ್ಲಿ ಸ್ಟ್ಯಾಟಿಕ್ ರೂಟ್ (ಕೈಯಾರೆ ಬರೆದಿಟ್ಟ ದಾರಿ), ಜೊತೆಗೆ ಸರ್ವರ್ ಬದುಕಿದೆಯಾ ಅಂತ ನೋಡೋ ಚೆಕ್-ಗೇಟ್‌ವೇ ಪಿಂಗ್. 10 ಸೆಕೆಂಡಿಗೊಂದು ಪಿಂಗ್, ಎರಡು ತಪ್ಪಿದರೆ ರೂಟ್ ಬಂದ್. ಒಂದು ಸಂಜೆ ಶಿರಾದಲ್ಲಿ ಡಿಎನ್‌ಎಸ್ ಉತ್ತರ ಕೊಡೋ ಅನ್‌ಬೌಂಡ್ ತಂತ್ರಾಂಶ ನಿಂತುಹೋಯ್ತು, ಯಂತ್ರ ಮಾತ್ರ ಓಡ್ತಲೇ ಇತ್ತು. ಪಿಂಗ್‌ಗೆ ಉತ್ತರ ಬರ್ತಿದ್ದರಿಂದ ರೂಟ್ ಕದಲಲೇ ಇಲ್ಲ. "ಅಣ್ಣ, ಲೈಟೆಲ್ಲ ಹಸಿರಾಗೇ ಇದೆ, ಯಾವ ಸೈಟೂ ತೆರೀತಿಲ್ಲ" ಅಂತ ಫೋನ್ ಮೇಲೆ ಫೋನ್.

ಆಮೇಲೆ ಸರ್ವರ್‌ನಲ್ಲೇ ಓಎಸ್‌ಪಿಎಫ್ (ಒಂದು ಜಾಲದೊಳಗಿನ ರೂಟರ್‌ಗಳು ತಾವಾಗಿ ದಾರಿ ಹಂಚಿಕೊಳ್ಳೋ ವಿಧಾನ) ಓಡಿಸಿದೆ. ಹೊಂದಿಸೋದು ಸುಲಭ. ಆದರೆ ಪರೀಕ್ಷೆಗೆಂದು ಸರ್ವರ್‌ನಿಂದ ಬೇರೊಂದು ತಪ್ಪು /32 ರೂಟನ್ನು ಹೊರಡಿಸಿ ನೋಡಿದೆ: ಏರಿಯಾದ (ಓಎಸ್‌ಪಿಎಫ್‌ನಲ್ಲಿ ಒಂದು ಗುಂಪಿನ) ಎಲ್ಲ ರೂಟರ್‌ಗಳೂ ಮರುಮಾತಿಲ್ಲದೆ ಒಪ್ಪಿಕೊಂಡವು. ಒಂದೇ ಏರಿಯಾದೊಳಗೆ ಅದು ಹರಡೋದನ್ನು ತಡೆಯೋಕಾಗಲ್ಲ. ನನಗೆ ಅಲ್ಲಿಗೇ ಸಾಕಾಯ್ತು.

ಈಗ ಉಳಿಸಿಕೊಂಡಿರೋದು ಬಿಜಿಪಿ, ಬೇರೆ ಬೇರೆ ಜಾಲಗಳು ಪರಸ್ಪರ ದಾರಿ ತಿಳಿಸೋ ವಿಧಾನ. ಸರ್ವರ್ ಮೇಲೆ ಬಿಜಿಪಿ ಮಾತಾಡೋ ಎಕ್ಸಾಬಿಜಿಪಿ ತಂತ್ರಾಂಶ, ಖಾಸಗಿ ಎಎಸ್ (ಬಿಜಿಪಿಯಲ್ಲಿ ಜಾಲದ ಗುರುತಿನ ಸಂಖ್ಯೆ) 65010. ರೂಟರ್‌ನ ಫಿಲ್ಟರ್ ಎನಿಕಾಸ್ಟ್ ವಿಳಾಸದ ಆ ಒಂದು /32 ಬಿಟ್ಟು ಇನ್ನೇನನ್ನೂ ಒಳಗೆ ಬಿಡಲ್ಲ. 5 ಸೆಕೆಂಡಿಗೊಮ್ಮೆ ಒಂದು ಸ್ಕ್ರಿಪ್ಟ್ ಡಿಗ್ ಅನ್ನೋ ಡಿಎನ್‌ಎಸ್ ಪರೀಕ್ಷೆಯ ಆಜ್ಞೆಯಿಂದ ನಿಜವಾದ ಪ್ರಶ್ನೆಯನ್ನೇ ಕೇಳುತ್ತೆ; ಸತತ ಮೂರು ಸಲ ಉತ್ತರ ಬರದಿದ್ದರೆ ರೂಟ್ ವಾಪಸ್. ಅನ್‌ಬೌಂಡನ್ನು ಬೇಕಂತಲೇ ಕೊಂದೆ. ಸುಮಾರು 15 ಸೆಕೆಂಡಿನಲ್ಲಿ ಶಿರಾದ ಪ್ರಶ್ನೆಗಳು ತುಮಕೂರಿನ ಲಾಗ್‌ನಲ್ಲಿ ಕಾಣಿಸಿಕೊಂಡವು. ಕರೆಂಟ್ ಹೋಗಿ ಸರ್ವರ್ರೇ ಸತ್ತರೆ ಸ್ಕ್ರಿಪ್ಟೂ ಸಾಯುತ್ತೆ, ಆಗ ಗತಿ ಹೋಲ್ಡ್ ಟೈಮರ್ ಒಂದೇ: ಅಷ್ಟು ಹೊತ್ತು ಸರ್ವರ್‌ನಿಂದ ಸುದ್ದಿ ಇಲ್ಲದಿದ್ದರೆ ರೂಟರ್ರೇ ರೂಟ್ ತೆಗೆಯುತ್ತೆ. 180 ಸೆಕೆಂಡ್ ಇದ್ದದ್ದನ್ನು 9ಕ್ಕೆ ಇಳಿಸಿದ್ದೀನಿ.

ಮೂರರಲ್ಲಿ ಯಾವುದನ್ನೇ ಹಿಡಿದರೂ ಇದೊಂದನ್ನು ಮರೀಬೇಡಿ: ಅನ್‌ಬೌಂಡ್ ಹೊರಗಿನ ಸರ್ವರ್‌ಗಳನ್ನು ಕೇಳುವಾಗ ಎನಿಕಾಸ್ಟ್ ವಿಳಾಸ ಬಳಸಕೂಡದು. ಬಳಸಿದರೆ ಶಿರಾದಿಂದ ಹೋದ ಪ್ರಶ್ನೆಗೆ ಉತ್ತರ ತುಮಕೂರಿನ ಸರ್ವರ್‌ಗೆ ಬಂದು ಬೀಳಬಹುದು. ಔಟ್‌ಗೋಯಿಂಗ್-ಇಂಟರ್‌ಫೇಸ್ ಸಾಲಿನಲ್ಲಿ ಆಯಾ ಯಂತ್ರದ ಸ್ವಂತ ವಿಳಾಸವನ್ನೇ ಬರೀರಿ.